ಪುಣೆಯಲ್ಲಿ ಅಪ್ಪನ ಲೇತ್ ಹುಡುಕುತ್ತಾ

ಗದಗಿನಿಂದ

ನಮ್ಮ ಮನೆಯಲ್ಲಿ ಪುಣೆ ಎಂದರೆ ಪರಮುಲುಕ, ಪರದೇಶ. ಗದಗಿನಿಂದ ಒಂದು ರೈಲು ಹತ್ತಿ ಮಲಗಿದರೆ ಎದ್ದಾಗ ಬರುವ ಊರು, ಪಾಸ್‌ಪೋರ್ಟು ಬೇಡ, ವೀಸಾ ಬೇಡ. ಆದರೂ ದುಬೈಗೆ ಹೋಗಿ ಬಂದ ನನ್ನ ಸಹೋದ್ಯೋಗಿಗಳು ಹೇಳುವ ದುಬೈಗಿಂತ ಅದು ನನಗೆ ದೂರ. ಏಕೆಂದರೆ ಅಪ್ಪ ಅಲ್ಲಿದ್ದ. ಭೋಸರಿಯ ಕಾರ್ಖಾನೆಗಳಲ್ಲಿ ಇಪ್ಪತ್ತಾರು ವರ್ಷ ದುಡಿದ. ವರ್ಷಕ್ಕೆರಡು ಸಲ, ಪಂಚಮಿಗೆ ಮತ್ತು ದೀಪಾವಳಿಗೆ, ಅತಿಥಿಯ ಹಾಗೆ ಬಂದು ಹೋಗುತ್ತಿದ್ದ.

ಬಂದವನೇ ಚೀಲ ಇಳಿಸಿ ನನ್ನನ್ನು ಎತ್ತಿಕೊಳ್ಳಲು ಬಾಗುತ್ತಿದ್ದ. ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು: "ಮೊದಲ ಕೈ ತೊಕ್ಕೊಂಡ ಬರ್ರಿ!" ಅಪ್ಪ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ತಿಕ್ಕಿಕೊಂಡು ಬಂದರೂ ಅಂಗೈಯ ಗೆರೆಗಳಲ್ಲಿನ ಕಪ್ಪು ಹೋಗುತ್ತಿರಲಿಲ್ಲ. ಆ ಕೈಗೆ ಕಬ್ಬಿಣದ, ಎಣ್ಣೆಯ ವಾಸನೆ. ನನಗೆ ಹಬ್ಬದ ವಾಸನೆಯೆಂದರೆ ಅದೇ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪ ಒಂದು ಹಿತ್ತಾಳೆಯ ಬುಗುರಿ ತಂದುಕೊಟ್ಟ. ದಾರ ಸುತ್ತುವಂಥದ್ದಲ್ಲ, ಬೆರಳಲ್ಲಿ ಹಿಡಿದು ತಿರುಗಿಸುವ ಪುಟ್ಟ ಬುಗುರಿ. ತಾನೇ ಕಂಪನಿಯಲ್ಲಿ ಮಾಡಿದ್ದು ಎಂದ. ನಮ್ಮ ಶಾಲೆಯ ಪುಸ್ತಕದಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಚಿತ್ರವಿತ್ತು, ಪಕ್ಕದಲ್ಲಿ ಅದನ್ನು ನಡೆಸುವ ಟರ್ನರ್ ನೀಟಾಗಿ ಅಂಗಿ ತೊಟ್ಟು ನಿಂತಿದ್ದ. ಅಪ್ಪನೂ ಹಾಗೆಯೇ ನಿಂತು ಈ ಬುಗುರಿಯನ್ನು ಮಾಡಿರಬೇಕು ಎಂದುಕೊಂಡೆ. "ನಿನ್ನ ಲೇತ್ ನನಗ ತೋರಸ್ತಿಯೇನ?" ಎಂದು ಕೇಳಿದೆ. ಅಪ್ಪ ನಕ್ಕು, "ತೋರಸೂಣಂತ, ದೊಡ್ಡಾಕಿ ಆಗು" ಎಂದ. ಆಮೇಲೆ ನಾನು ದೊಡ್ಡವಳಾದೆ. ಆದರೆ ಪ್ರತಿ ಸಲವೂ ಏನೋ ಒಂದು ಅಡ್ಡಿ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಯಂತ್ರ ರಿಪೇರಿಗೆ ಹೋಗಿದೆ, ಈ ಸಲ ರಜೆ ಕಡಿಮೆ. ಲೇತ್ ತೋರಿಸದೆಯೇ ಅಪ್ಪ ತೀರಿಕೊಂಡ.

ಆ ಬುಗುರಿಯ ದೆಸೆಯಿಂದಲೇ ನಾನು ಮೆಕ್ಯಾನಿಕಲ್ ಓದಿದೆ. ತರಗತಿಯಲ್ಲಿ ನಾವು ಮೂವರೇ ಹುಡುಗಿಯರು. ವರ್ಕ್‌ಶಾಪಿನ ಮೇಷ್ಟ್ರು ಒಳ್ಳೆಯವರು, ಅದೇ ತೊಂದರೆಯಾಯಿತು. "ನೀವು ಜರ್ನಲ್ ಬರೀರವ್ವಾ, ಕೈ ಯಾಕ ಹೊಲಸ ಮಾಡ್ಕೋತೀರಿ" ಎಂದು ಹುಡುಗರು ಮಾಡಿದ ಕೆಲಸವನ್ನೇ ನಮ್ಮ ಹೆಸರಿಗೂ ಹಚ್ಚಿದರು. ಕೈ ಕೆಸರಾಗದೆಯೇ ನನಗೆ ಮೊಸರು ಸಿಕ್ಕಿತು. ಡಿಪ್ಲೊಮಾ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿ ಇಪ್ಪತ್ತೆರಡು ವರ್ಷವಾಯಿತು. ಲೇತಿನ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಒಂದು ದಿನವೂ ಅದರ ಹಿಡಿಕೆ ಮುಟ್ಟಿದವಳಲ್ಲ. ಪುಸ್ತಕದ ಬದನೆಕಾಯಿ ಎಂದು ಯಾರನ್ನಾದರೂ ಕರೆಯಬೇಕಾದರೆ ನನ್ನನ್ನು ಕರೆಯಬೇಕು.

ಪ್ರತಿ ವರ್ಷ ಆ ಪಾಠ ಬಂದಾಗ ಬುಗುರಿಯನ್ನು ತರಗತಿಗೆ ಒಯ್ದು, "ಇದು ಲೇತ್ ಕೆಲಸದ ಉದಾಹರಣೆ, ನಮ್ಮ ತಂದೆ ಮಾಡಿದ್ದು" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದೆ. ಅದನ್ನು ನೋಡಿದ ವಿದ್ಯಾರ್ಥಿಗಳಲ್ಲಿ ಅಶ್ವಿನಿ ಒಬ್ಬಳು. ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗ್ ಓದಲು ಪುಣೆಗೆ ಹೋದವಳು, ಅಲ್ಲಿಯ ಹುಡುಗರ ಆಫ್‌ರೋಡ್ ಕಾರ್ ಕ್ಲಬ್ಬಿಗೆ ಸೇರಿ, ಈಗ ಅದರ ವರ್ಕ್‌ಶಾಪಿಗೆ ಅವಳೇ ಮುಖ್ಯಸ್ಥೆ. ಕಲ್ಲು ಮುಳ್ಳಿನ ದಾರಿಯಲ್ಲಿ ಓಡುವ ಒಂದೇ ಸೀಟಿನ ಕಾರನ್ನು ಈ ಮಕ್ಕಳು ಪೈಪು ಕತ್ತರಿಸುವುದರಿಂದ ಹಿಡಿದು ತಾವೇ ಕಟ್ಟುತ್ತಾರೆ. ಫೋನಿನಲ್ಲಿ ಅವಳ ಹತ್ತಿರ, ಲೇತ್ ಮುಟ್ಟಿಯೇ ಇಲ್ಲವೆಂಬ ನನ್ನ ಗುಟ್ಟನ್ನು ಹೇಗೋ ಬಾಯಿಬಿಟ್ಟೆ. "ರಜಾದಾಗ ಬರ್ರಿ ಮೇಡಂ, ಮೂರು ವಾರ ಸಾಕು. ನಾವು ಕಲಸ್ತೀವಿ" ಎಂದಳು. ಗುರುವಿಗೇ ತಿರುಮಂತ್ರ! ಗಂಡ ನಕ್ಕ. ಅವ್ವ ಮಾತ್ರ ನಗಲಿಲ್ಲ, "ಆ ಊರಿಗೆ ಈಗ ಯಾಕ?" ಎಂದಳು. ಅಪ್ಪನ ನೆನಪಾಗಿರಬೇಕು ಎಂದುಕೊಂಡು ನಾನು ಬುಗುರಿಯನ್ನು ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದೆ.

ಧನಕವಡಿ, ಮೊದಲ ದಿನ

ಪುಣೆಯ ಈ ಬಡಾವಣೆಯಲ್ಲಿ ಅಶ್ವಿನಿಯ ಕಾಲೇಜು, ಅದರ ಹಿಂದೆ ತಗಡಿನ ಒಂದು ಶೆಡ್. ಪುಣೆಯವರಿಗೆ ಬೋರ್ಡು ಬರೆಯುವ ಚಟವಿದೆ, ಅದೂ ಚುಚ್ಚಿ ಬರೆಯುವುದು. ಶೆಡ್ಡಿನ ಬಾಗಿಲಲ್ಲಿ ಮರಾಠಿಯಲ್ಲಿ ಹೀಗೆ ಬರೆದಿತ್ತು: "ಹತ್ಯಾರ ತೆಗೆದ ಜಾಗದಲ್ಲೇ ಇಡುವವರಿಗೆ ಚಹಾ ಉಂಟು. ಇಡದವರಿಗೆ ಉಪದೇಶ ಉಂಟು." ನಮ್ಮ ಕಾಲೇಜಿನಲ್ಲಿ ಇಂಥದ್ದು ಬರೆದರೆ ಪ್ರಿನ್ಸಿಪಾಲರಿಗೆ ದೂರು ಹೋಗುತ್ತದೆ.

ಒಳಗೆ ಕಾರಿನ ಅಸ್ಥಿಪಂಜರ ನಾಲ್ಕು ಸ್ಟೂಲುಗಳ ಮೇಲೆ ಕೂತಿತ್ತು. ಅದರ ಹಿಂದೆ, ಗೋಡೆಯ ಬದಿಗೆ, ಹಸಿರು ಬಣ್ಣದ ಹಳೆಯ ಲೇತ್. ನನಗೆ ಉಳಿದದ್ದೇನೂ ಕಾಣಲಿಲ್ಲ. ನೇರ ಹೋಗಿ ಅದರ ಹಿಡಿಕೆಯ ಮೇಲೆ ಕೈಯಿಟ್ಟೆ.

"ಕೈ ತಗೀರಿ ಮೇಡಂ," ಎಂಬ ಧ್ವನಿ ಬಂತು. ಮೆದುವಾದ ಧ್ವನಿಯೇ, ಆದರೆ ನಾನು ಕೈ ತೆಗೆದೆ.

ಅವರು ಸಿದ್ರಾಮ ಕಾಕಾ. ಸೊಲ್ಲಾಪುರದ ಕಡೆಯ ಕನ್ನಡಿಗರು, ಭೋಸರಿಯಲ್ಲಿ ಆಯುಷ್ಯವಿಡೀ ಲೇತ್ ನಡೆಸಿ ನಿವೃತ್ತರಾದವರು. ಮನೆಯಲ್ಲಿ ಕೂರಲಾಗದೆ ಬೆಳಿಗ್ಗೆ ಇಲ್ಲಿಗೆ ಬಂದು ಮಕ್ಕಳಿಗೆ ಕೆಲಸ ಕಲಿಸುತ್ತಾರೆ. ಅಶ್ವಿನಿ ಮುಜುಗರದಿಂದ, "ಕಾಕಾ, ಇವರು ನಮ್ಮ ಮೇಡಂ ರೀ, ಲೇತ್ ಬಗ್ಗೆ ನನಗ ಕಲಿಸಿದವ್ರ ಇವರು" ಎಂದಳು.

"ಇರ್ಲಿ ಬಾಳಾ. ಇಲ್ಲಿ ಪ್ರೊಫೆಸರೂ ಇಲ್ಲ, ಸ್ಟುಡೆಂಟೂ ಇಲ್ಲ. ಕಾನಸ ಹಿಡದವ್ರ ಅದಾರ, ಹಿಡೀದವ್ರ ಅದಾರ, ಅಷ್ಟ." ಕಾನಸ ಎಂದರೆ ಅರ, ಇಂಗ್ಲಿಷಿನ ಫೈಲು. ನನ್ನ ಕಡೆ ತಿರುಗಿ, "ನೀವು ಹಿಡದೀರೇನ್ರಿ?" ಎಂದು ಕೇಳಿದರು.

ಇಪ್ಪತ್ತೆರಡು ವರ್ಷದ ಉಪನ್ಯಾಸಕಿ ನಾನು, "ಇಲ್ರಿ" ಎಂದೆ.

ಅವರು ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ, ಗರಗಸದಿಂದ ಒರಟಾಗಿ ಕತ್ತರಿಸಿದ ಉಕ್ಕಿನ ತುಂಡನ್ನು ಕೈಗಿಟ್ಟರು. ಕ್ಲಬ್ಬಿನ ನಿಯಮ ಒಂದೇ. ಹೊಸಬರು ಯಾರೇ ಇರಲಿ, ಆ ತುಂಡನ್ನು ಅರದಿಂದ ತಿಕ್ಕಿ ತಿಕ್ಕಿ ಆರು ಮುಖದ ಘನ ಮಾಡಬೇಕು. ಮೂಲೆ ನೋಡುವ ಟ್ರೈಸ್ಕ್ವೇರನ್ನು ಅದಕ್ಕೆ ಆನಿಸಿ ಕಿಟಕಿಯ ಕಡೆ ಹಿಡಿದರೆ ನಡುವೆ ಬೆಳಕು ತೂರಬಾರದು. ಬೆಳಕು ತೂರದ ಘನ ಮಾಡಿದವರಿಗೆ ಮಾತ್ರ ಲೇತ್. ಮುಗಿದ ಘನದ ಮೇಲೆ ಹೆಸರು ಬಡಿದು ಕಪಾಟಿನಲ್ಲಿಡುತ್ತಾರೆ, ಮನೆಗೆ ಒಯ್ಯುವಂತಿಲ್ಲ. ಕಪಾಟಿನಲ್ಲಿ ಸಾಲಾಗಿ ಮೂವತ್ತೋ ನಲವತ್ತೋ ಘನಗಳಿದ್ದವು. ಅಶ್ವಿನಿಯದೂ ಇತ್ತು.

"ಎಷ್ಟು ದಿನ ಬೇಕ್ರಿ ಇದಕ್ಕ?"

"ನಿಮ್ಮ ಹುಡುಗಿಗೆ ಹದಿನೈದು ದಿನ ಹತ್ತಿತ್ತು," ಎಂದರು ಕಾಕಾ. ಅಶ್ವಿನಿ ಬೇರೆ ಕಡೆ ನೋಡಿದಳು.

ಧನಕವಡಿ, ಐದನೆಯ ದಿನ

ಬೆಳಿಗ್ಗೆ ತಿಂಡಿಗೆ ಕಾಲೇಜಿನ ಎದುರು ಕುಂದಾಪುರದ ಕಡೆಯವರೊಬ್ಬರ ಹೋಟೆಲು. ಗಲ್ಲಾದಲ್ಲಿ ಕೂತ ಮಾಲೀಕರು ಗಿರಾಕಿಗಳೊಡನೆ ಮರಾಠಿ, ಅಡುಗೆಯವರೊಡನೆ ಕನ್ನಡ. ನನ್ನ ಕೈಗೆ ಸುತ್ತಿದ ಬಟ್ಟೆ ನೋಡಿ, "ಎಂತ ಮೇಡಂ, ಬಿದ್ದದ್ದಾ?" ಎಂದರು. ಅರ ಹಿಡಿದು ಬೊಕ್ಕೆ ಬಂದದ್ದು ಎಂದೆ. "ನಮ್ಮಲ್ಲಿ ಹಿಟ್ಟು ರುಬ್ಬುವವನಿಗೂ ಮಿಶಿನ್ ಉಂಟು, ನಿಮಗೆ ಇಂಜಿನಿಯರಿಗೆ ಇಲ್ವಾ?" ಎಂದು ಮರುಗಿ ಇನ್ನೊಂದು ಚಮಚ ಚಟ್ನಿ ಹಾಕಿಸಿದರು.

ಅರ ತಿಕ್ಕುವುದು ನೋಡಲು ಸುಲಭ. ಮುಂದಕ್ಕೆ ಒತ್ತಬೇಕು, ಹಿಂದಕ್ಕೆ ಬರುವಾಗ ಹಗುರಾಗಬೇಕು, ಅಷ್ಟೆ. ಪಾಠದಲ್ಲಿ ನಾನೂ ಅಷ್ಟೇ ಹೇಳುವುದು. ಆದರೆ ಕೈ ತೊಟ್ಟಿಲಿನ ಹಾಗೆ ತೂಗುತ್ತದೆ, ತುಂಡಿನ ನಡುವೆ ಹೊಟ್ಟೆ ಉಳಿದು ಅಂಚುಗಳು ಸವೆಯುತ್ತವೆ. ಸ್ಕ್ವೇರ್ ಆನಿಸಿ ಕಿಟಕಿಗೆ ಹಿಡಿದರೆ ಎರಡೂ ಬದಿಯಿಂದ ಬೆಳಕು ಹಲ್ಲು ಕಿರಿಯುತ್ತದೆ. ಎರಡನೆಯ ದಿನ ಪುಡಿಯನ್ನು ಬಾಯಿಂದ ಊದಿ ಕಣ್ಣಿಗೆ ಹಾಕಿಕೊಂಡೆ. ಮೂರನೆಯ ದಿನ ಎಷ್ಟು ನುಣುಪಾಗಿದೆ ಎಂದು ಬೆರಳಿಂದ ಸವರಿದೆ. ಬೆರಳಿನ ಎಣ್ಣೆ ಹತ್ತಿ ಅರ ಜಾರಿತು, ಬೆರಳ ಗೆಣ್ಣು ತುಂಡನ್ನು ಬಿಗಿಹಿಡಿದ ವೈಸಿಗೆ ಬಡಿಯಿತು. ನಾಲ್ಕನೆಯ ದಿನ ಒಂದು ಮುಖ ಸರಿ ಹೋಯಿತು. ಅದರ ಪಕ್ಕದ ಮುಖ ಸರಿ ಮಾಡುವಾಗ ಮೊದಲಿನದು ಕೆಟ್ಟಿತು.

ಈ ಮಕ್ಕಳ ತಾಳ್ಮೆ ನೋಡಿ ನನಗೆ ಅಚ್ಚರಿ. ಮುಖಕ್ಕೆ ಓಢಣಿ ಸುತ್ತಿ ಬರೀ ಕಣ್ಣು ಕಾಣಿಸುತ್ತಾ ಸ್ಕೂಟರಿನಲ್ಲಿ ಬರುವ ಹುಡುಗಿಯರು, ಓಢಣಿ ಬಿಚ್ಚಿ ನೇರ ಪೈಪಿಗೆ ಕೈ ಹಚ್ಚುತ್ತಾರೆ. ಒಂದು ಪೈಪನ್ನು ಇನ್ನೊಂದಕ್ಕೆ ಬೆಸೆಯಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು ಕೂರಿಸಬೇಕು. ಅಲ್ಲಿಯೂ ಅದೇ ಮಾತು, ಬೆಳಕು ಕಾಣಬಾರದು. ನನಗೂ ಒಂದು ಪೈಪಿನ ಬಾಯಿ ಕೊಟ್ಟರು, ಚಾಲಕನ ತಲೆಯ ಹಿಂದೆ ಅಡ್ಡ ಬರುವಂಥದ್ದು. ಎರಡು ಸಂಜೆ ತಿಕ್ಕಿ ಕೂರಿಸಿದೆ. ಅಶ್ವಿನಿ ಬಗ್ಗಿ ನೋಡಿ, "ಪಾಸ್, ಮೇಡಂ" ಎಂದಾಗ ಆದ ಹಿಗ್ಗು ಪಿಯುಸಿ ಫಲಿತಾಂಶಕ್ಕೂ ಆಗಿರಲಿಲ್ಲ.

ಆದರೂ ಕಣ್ಣು ಲೇತಿನ ಮೇಲೆಯೇ. ಅರ ತಿಕ್ಕುವುದು ಕೂಲಿ ಕೆಲಸ, ಅಪ್ಪನ ಕೆಲಸ ಆ ಹಸಿರು ಯಂತ್ರದ್ದು ಎಂದು ನನ್ನ ಲೆಕ್ಕ. ಮೂರು ವಾರದಲ್ಲಿ ಒಂದು ಸಲವಾದರೂ ಅದರ ಮುಂದೆ ಅಪ್ಪ ನಿಂತ ಹಾಗೆ ನಿಲ್ಲಬೇಕು. ನಾನು ಪುಣೆಗೆ ಬಂದದ್ದು ಅದಕ್ಕೆ, ಇನ್ನಾವುದಕ್ಕೂ ಅಲ್ಲ.

"ಭೋಸರ್‍ಯಾಗ ಈರಪ್ಪ ಅಂತ ಗದಗಿನ ಟರ್ನರ್ ಒಬ್ಬರು ಗೊತ್ತೇನ್ರಿ ಕಾಕಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದೆ. ಅವರು ಪಾಪ, ಪ್ರತಿ ಸಲವೂ ನೆನಪು ಮಾಡಿಕೊಳ್ಳುವವರ ಹಾಗೆ ತಲೆ ಕೆರೆದುಕೊಂಡು, "ಭೋಸರಿ ಭಾಳ ದೊಡ್ಡದೈತ್ರಿ" ಎನ್ನುತ್ತಿದ್ದರು.

ಭೋಸರಿ

ಹತ್ತನೆಯ ದಿನ ಕಾರಿನ ಒಂದು ಭಾಗವನ್ನು ಗ್ರೈಂಡಿಂಗ್ ಮಾಡಿಸಲು ಕಾಕಾ ಭೋಸರಿಗೆ ಹೊರಟರು. ನಾನೂ ಬರುತ್ತೇನೆಂದೆ. ಅವರ ಹಳೆಯ ಗೆಳೆಯರೊಬ್ಬರ ಸಣ್ಣ ಕಾರ್ಖಾನೆ. ಶಿಫ್ಟು ಬಿಡುವ ಹೊತ್ತು, ರಸ್ತೆಯ ತುಂಬ ಊಟದ ಡಬ್ಬಿ ಹಿಡಿದ ಜನ. ನಾನು ಹುಚ್ಚಿಯ ಹಾಗೆ ಪ್ರತಿಯೊಬ್ಬರ ಕೈ ನೋಡುತ್ತಿದ್ದೆ. ಅಪ್ಪ ಇಪ್ಪತ್ತಾರು ವರ್ಷ ಇದೇ ರಸ್ತೆಯಲ್ಲಿ ನಡೆದಿರಬೇಕು. ಎಲ್ಲಿ ನಿಂತು ಚಹಾ ಕುಡಿದ, ಯಾರೊಡನೆ ನಕ್ಕ, ನನಗೇನೂ ಗೊತ್ತಿಲ್ಲ. ನಮಗೆ ಸಿಕ್ಕಿದ್ದು ಪಂಚಮಿಯ ಅಪ್ಪ, ದೀಪಾವಳಿಯ ಅಪ್ಪ. ಉಳಿದ ಅಪ್ಪನನ್ನೆಲ್ಲ ಈ ಊರು ಇಟ್ಟುಕೊಂಡುಬಿಟ್ಟಿದೆ.

ಕಾರ್ಖಾನೆಯ ಒಳಗೆ ಲೇತುಗಳ ಸಾಲು. ಮೂಲೆಯಲ್ಲಿ ಒಂದು ಬಹಳ ಹಳೆಯದು. ನಾನು ಚೀಲದಿಂದ ಬುಗುರಿ ತೆಗೆದೆ.

"ಕಾಕಾ, ಇಂಥಾ ಲೇತ್ ಮ್ಯಾಲೆ ಮಾಡಿರಬೇಕಲ್ರಿ ನಮ್ಮಪ್ಪ ಇದನ್ನ?"

ಕಾಕಾ ಬುಗುರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಗೆಳೆಯರ ಮೇಜಿನಿಂದ ಭೂತಗನ್ನಡಿ ತಂದು ನೋಡಿದರು. ಮೊದಲು ನಗುತ್ತಿದ್ದ ಮುಖ ಆಮೇಲೆ ನಗಲಿಲ್ಲ. "ಭಾಳ ಚಲೋ ಅದ್ರಿ" ಎಂದು ವಾಪಸು ಕೊಟ್ಟರು. ಕೊಟ್ಟದ್ದು ತೀರಾ ಬೇಗ ಎನಿಸಿತು.

"ಏನೋ ನೋಡಿದ್ರಿ ನೀವು. ಹೇಳ್ರಿ."

"ಏನಿಲ್ರಿ."

"ಇಪ್ಪತ್ತೆರಡು ವರ್ಷ ಮಕ್ಕಳಿಗೆ ಇದನ್ನ ತೋರಿಸೇನ್ರಿ. ನಾ ತಪ್ಪು ಹೇಳಿದ್ರ ಗೊತ್ತಾಗಬೇಕಲ್ಲ?"

ಅವರು ನಿಟ್ಟುಸಿರು ಬಿಟ್ಟು ಹತ್ತಿರದ ಟ್ರೇಯಿಂದ ಲೇತಿನಲ್ಲಿ ತಯಾರಾದ ಒಂದು ಬುಷ್, ಲೋಹದ ಗಿಡ್ಡ ಕೊಳವೆ, ತೆಗೆದು ನನ್ನ ಉಗುರಿನಿಂದ ಸವರಿಸಿದರು. ಕುಂಬಾರನ ಗಡಿಗೆಯ ಮೇಲಿರುವಂಥ ಸಣ್ಣ ಗೆರೆಗಳು, ಸುತ್ತಲೂ ಬಳೆಯ ಹಾಗೆ. "ಲೇತ್ ಮ್ಯಾಲೆ ಮಾಡಿದ್ದಕ್ಕ ಹಿಂಗ ಗೆರಿ ಬೀಳ್ತಾವ್ರಿ. ಈಗ ಬುಗರೀ ಕುತ್ತಿಗಿ ನೋಡ್ರಿ." ಗಾಜಿನಡಿಯಲ್ಲಿ ನೋಡಿದೆ. ಕಡ್ಡಿ ಮತ್ತು ಹೊಟ್ಟೆ ಸೇರುವ ಸಂದಿಯಲ್ಲಿ ಸುತ್ತು ಗೆರೆಗಳಿರಲಿಲ್ಲ. ಉದ್ದುದ್ದ, ಓರೆ, ಒಂದರ ಮೇಲೊಂದು ಹಾಯ್ದ ನೇರ ಗೆರೆಗಳು. ಹತ್ತು ದಿನದಿಂದ ನನ್ನ ತುಂಡಿನ ಮೇಲೆ ಬೀಳುತ್ತಿದ್ದ ಗೆರೆಗಳೇ ಅವು.

"ಕಾನಸ," ಎಂದೆ.

"ಹೌದ್ರಿ. ಹೊರಗ ಪಾಲಿಶ್ ಪೇಪರ್ ತಿಕ್ಯಾರ, ಅದಕ್ಕ ಗೊತ್ತಾಗೂದಿಲ್ಲ. ಸಂದ್ಯಾಗ ಪೇಪರ್ ಹೋಗಿಲ್ಲ. ಮೇಡಂ, ಲೇತ್ ಇದ್ದಾಂವಗ ಇದು ಹತ್ತು ನಿಮಿಷದ ಕೆಲಸ. ಇದನ್ನ ಮಾಡಿದವರಿಗೆ ಲೇತ್ ಮುಟ್ಟಾಕ ಕೊಟ್ಟಿಲ್ಲ."

ಆಮೇಲೆ ಅವರೇ ಹೇಳಿದರು. ಪ್ರತಿ ಕಾರ್ಖಾನೆಯಲ್ಲೂ ಲೇತುಗಳ ಆಚೆ ಒಂದು ಉದ್ದನೆಯ ಮೇಜು ಇರುತ್ತಿತ್ತು. ಲೇತಿನಿಂದ ಇಳಿದ ಮಾಲಿನ ಚೂಪು ಅಂಚುಗಳನ್ನು ಹೆಲ್ಪರುಗಳು ದಿನವಿಡೀ ನಿಂತು ಅರದಿಂದ ತಿಕ್ಕುತ್ತಿದ್ದರು. ನನಗೆ ಅಪ್ಪನ ಬಲ ಭುಜ ನೆನಪಾಯಿತು. ಕೊನೆಯ ವರ್ಷಗಳಲ್ಲಿ ಅದನ್ನು ಮೇಲೆತ್ತಲು ಆಗುತ್ತಿರಲಿಲ್ಲ, ಅಂಗಿ ತೊಡಿಸಲು ಅವ್ವ ಬೇಕಾಗುತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆವು.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಸುಳ್ಳು ಹೇಳಿದನಲ್ಲ ಎಂಬ ಸಿಟ್ಟು. ಅದರ ಹಿಂದೆಯೇ ನಾಚಿಕೆ. ಬುಗುರಿಯ ಕುತ್ತಿಗೆಯಲ್ಲಿ ಬರೆದದ್ದು ಇಪ್ಪತ್ತೆರಡು ವರ್ಷ ಕಣ್ಣ ಮುಂದೆಯೇ ಇತ್ತು, ಮೆಕ್ಯಾನಿಕಲ್ ಮೇಡಮ್ಮಿಗೆ ಓದಲು ಬರಲಿಲ್ಲ.

ಕಾಕಾ ಬುಗುರಿಯನ್ನು ಅಳತೆ ನೋಡುವ ಸಪಾಟು ಕಲ್ಲಿನ ಮೇಲೆ ತಿರುಗಿಸಿದರು. ಅದು ಎಷ್ಟು ನೆಟ್ಟಗೆ ನಿಂತಿತೆಂದರೆ ತಿರುಗುತ್ತಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಕೆಲಸದವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಬಹಳ ಹೊತ್ತಿನ ಮೇಲೆ ಅದು ಒಂದು ಬದಿಗೆ ವಾಲಿ ಮಲಗಿತು.

"ಚೌಕ ತಿಕ್ಕೂದು ಬ್ಯಾರೆ, ಗುಂಡಗ ತಿಕ್ಕೂದು ಬ್ಯಾರೆ," ಎಂದರು ಕಾಕಾ. "ನಲವತ್ತು ವರ್ಷ ಲೇತ್ ನಡಸೇನಿ ಮೇಡಂ. ಕಾನಸದ್ಲೆ ಹಿಂಗ ಮಾಡಂದ್ರ ನನ್ನ ಕೈಲೆ ಆಗೂದಿಲ್ರಿ."

ಅವ್ವನ ಫೋನು

ಧನಕವಡಿಗೆ ಮರಳಿದ ಮೇಲೆ ಅವ್ವನಿಗೆ ಫೋನು ಮಾಡಿದೆ. ಊಟವಾಯಿತೇ ಎಂದು ಕೂಡ ಕೇಳಲಿಲ್ಲ.

"ಅಪ್ಪ ಟರ್ನರ್ ಇರಲಿಲ್ಲ. ಹೌದಲ್ಲವ್ವಾ?"

"ಯಾರ ಹೇಳಿದ್ರ ನಿನಗ?"

"ಬುಗರಿ ನೋಡಿ ಗೊತ್ತಾತು. ಯಾಕವ್ವಾ ಸುಳ್ಳು ಹೇಳಿದಾ?"

"ಅವರೆಲ್ಲಿ ಹೇಳಿದ್ರ? ನೀನ ಹೇಳಿದಾಕಿ," ಎಂದಳು ಅವ್ವ. ಅವಳಿಗೂ ಸಿಟ್ಟು ಬಂದಿತ್ತು. "ಬುಗರಿ ತಗೊಂಡು ಓಣಿ ತುಂಬ ನಮ್ಮಪ್ಪ ಟರ್ನರ್, ನಮ್ಮಪ್ಪ ಟರ್ನರ್ ಅಂತ ಸಾರಿ ಬಂದಿ. ಕೂಸಿಗೆ ಖರೇ ಹೇಳೂಣ್ರಿ ಅಂದೆ ನಾ. ಇರ್ಲಿ ಬಿಡ, ಮುಂದಿನ ಪಂಚಮಿಯೊಳಗ ಲೇತ್ ಕಲೀತೀನಿ, ಆಗ ಅಕಿ ಮಾತು ಸುಳ್ಳಾಗೂದಿಲ್ಲ ಅಂದ್ರು. ಪ್ರತಿ ಪಂಚಮಿಗೂ ಮುಂದಿನ ಪಂಚಮಿ ಅಂತಿದ್ರು. ಯಾರೂ ಕಲಸಲಿಲ್ಲ ತಂಗೀ ಅವರಿಗೆ. ಹೆಲ್ಪರ್ ಲೇತ್ ಕಲತ್ರ ಕಾನಸ ಯಾರು ತಿಕ್ಕಬೇಕು?"

ಫೋನು ಇಟ್ಟ ಮೇಲೆ ಬಹಳ ಹೊತ್ತು ಅತ್ತೆ. ನಾನು ಅಪ್ಪನ ಲೇತ್ ನೋಡಬೇಕೆಂದು ಎಷ್ಟು ಹಂಬಲಿಸಿದ್ದೆನೋ, ಅದಕ್ಕಿಂತ ಹೆಚ್ಚು ಅಪ್ಪನೇ ಹಂಬಲಿಸಿದ್ದ. ನಾವಿಬ್ಬರೂ ಮುಟ್ಟದ ಒಂದೇ ಯಂತ್ರದ ಬಗ್ಗೆ ಪ್ರತಿ ದೀಪಾವಳಿಗೆ ಮಾತಾಡಿದ್ದೆವು.

ಧನಕವಡಿ, ಹನ್ನೊಂದನೆಯ ದಿನ

ಬೆಳಿಗ್ಗೆ ಶೆಡ್ಡಿಗೆ ಹೋದಾಗ ಕಾಕಾ ಲೇತಿನ ಹತ್ತಿರ ನಿಂತಿದ್ದರು. ಸಂಕೋಚದಿಂದ, "ಬರ್ರಿ ಮೇಡಂ, ಇವತ್ತ ಲೇತ್ ಹಿಡೀರಿ. ನಿಯಮ ಇರ್ಲಿ ಬಿಡ್ರಿ" ಎಂದರು. ನಿನ್ನೆ ಹೇಳಬಾರದ್ದನ್ನು ಹೇಳಿದೆನೇನೋ ಎಂದು ಅವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ.

ಬಂದಾಗಿನಿಂದ ಕಾಯುತ್ತಿದ್ದ ಮಾತು ಅದು. ಆದರೆ ಕಾಲು ಆ ಕಡೆ ಹೋಗಲಿಲ್ಲ. "ಘನ ಮುಗಿಸಿ ಬರ್ತೀನ್ರಿ" ಎಂದು ವೈಸಿನ ಮುಂದೆ ನಿಂತೆ.

ಆ ದಿನದಿಂದ ಅರ ತಿಕ್ಕುವುದು ನನಗೆ ಬೇರೆಯದೇ ಆಯಿತು. ತುಂಡಿನ ನಡುವೆ ಹೊಟ್ಟೆ ಉಳಿದರೆ ಅಪ್ಪನಿಗೂ ಮೊದಲು ಉಳಿದಿರಬೇಕು ಎನಿಸುತ್ತಿತ್ತು. ಭುಜ ನೊಂದರೆ ಅದೇ ಭುಜ ಎನಿಸುತ್ತಿತ್ತು. ಅಶ್ವಿನಿ ಪಕ್ಕದಲ್ಲಿ ಚಾಕ್‌ಪೀಸ್ ಇಟ್ಟು ಹೋಗುತ್ತಿದ್ದಳು. ಅರದ ಹಲ್ಲಿಗೆ ಚಾಕ್ ಸವರಿದರೆ ಪುಡಿ ಸಿಕ್ಕಿಕೊಳ್ಳುವುದಿಲ್ಲ. ಚಾಕ್‌ಪೀಸಿನಿಂದ ಬೋರ್ಡು ತುಂಬುವವಳಿಗೆ ಅದರ ಈ ಉಪಯೋಗ ನಲವತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಜೇಜುರಿ

ಕಾರು ಸಿದ್ಧವಾಯಿತು. ಟೆಂಪೋದಲ್ಲಿ ಹೇರಿಕೊಂಡು ಜೇಜುರಿಗೆ ಹೊರಟೆವು. ಖಂಡೋಬನ ಬೆಟ್ಟದ ಬುಡದಲ್ಲಿ ಪೂಜೆ, ಆಮೇಲೆ ಊರಾಚೆಯ ಕಲ್ಲು ನೆಲದಲ್ಲಿ ಓಡಿಸಿ ನೋಡುವುದು, ಇದು ಕ್ಲಬ್ಬಿನ ಪದ್ಧತಿ. ಮೆಟ್ಟಿಲ ತುಂಬ ಅರಿಶಿನ. ವಿಜಯಪುರದ ಕಡೆಯ ಹೆಂಗಸರ ಗುಂಪೊಂದು "ಏಳುಕೋಟಿ" ಎಂದು ಕೂಗುತ್ತಿತ್ತು, ಪಕ್ಕದಲ್ಲೇ ಮರಾಠಿಗರ "ಯೇಳಕೋಟ". ದೇವರಿಗೆ ಎರಡೂ ತಿಳಿಯುತ್ತದೆ. ಅವರಲ್ಲಿ ಒಬ್ಬ ಅಜ್ಜಿ ನಮ್ಮ ಕಾರನ್ನು ನೋಡಿ, "ಇದೇನವ್ವಾ, ಚಪ್ಪರ ಇಲ್ಲದ ಗಾಡಿ!" ಎಂದು ಮರುಕದಿಂದ ಎರಡೂ ಕೈ ತುಂಬ ಭಂಡಾರ ಎತ್ತಿ ಎರಚಿದಳು. ಇಂಜಿನ್ ಚಾಲೂ ಇತ್ತು. ಗಾಳಿ ಎಳೆದುಕೊಳ್ಳುವ ಬಾಯಿಗೇ ಅರಿಶಿನ ಹೋಗಿ ಕಾರು ಕೆಮ್ಮಿ ಕೆಮ್ಮಿ ನಿಂತಿತು. ಮಕ್ಕಳು ಫಿಲ್ಟರ್ ಬಿಚ್ಚಿ ಜಾಡಿಸುತ್ತಾ ಕೂತರು. "ದೇವರ ಭಂಡಾರ ಹಣಿಗೆ ಹಚ್ಚಬೇಕ್ರಿ, ಮೂಗಿಗಲ್ಲ" ಎಂದು ಕಾಕಾ ಅಜ್ಜಿಗೆ ಹೇಳಿದರು. ಅಜ್ಜಿ ನಮ್ಮೆಲ್ಲರ ಹಣೆಗೂ ಹಚ್ಚಿಯೇ ಹೋದಳು.

ಬಯಲಿನಲ್ಲಿ, ಕಾರಿನ ಒಂದು ಪೈಪನ್ನಾದರೂ ತಿಕ್ಕಿದವರೆಲ್ಲ ಒಂದೊಂದು ಸುತ್ತು ಓಡಿಸಬೇಕು. ನಾನು ಬೇಡವೆಂದೆ. ಅಶ್ವಿನಿ ಬಿಡಲಿಲ್ಲ. "ನಿಮ್ಮ ಸ್ಕೂಟಿ ಇದ್ದಂಗ ಮೇಡಂ, ಗೇರ್ ಇಲ್ಲ" ಎಂದು ಹೆಲ್ಮೆಟ್ ತೊಡಿಸಿ ಬೆಲ್ಟು ಬಿಗಿದಳು. ಕಲ್ಲಿನಿಂದ ಕಲ್ಲಿಗೆ ಹಾರುವಾಗ ಹಲ್ಲು ಕಟಕಟ ಎಂದವು. ತಲೆಯ ಹಿಂದೆ ನಾನು ತಿಕ್ಕಿ ಕೂರಿಸಿದ ಪೈಪು. ಅದು ಸಡಿಲವಾಗಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಕಿರುಚಿದ ಹಾಗೆ ಹೆಲ್ಮೆಟ್ಟಿನೊಳಗೆ ಕಿರುಚಿದೆ, ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಧನಕವಡಿ, ಕೊನೆಯ ದಿನ

ರೈಲಿಗೆ ಇನ್ನು ಮೂರು ತಾಸಿತ್ತು. ಕಾಕಾ ನನ್ನ ಘನಕ್ಕೆ ಸ್ಕ್ವೇರ್ ಆನಿಸಿ ಕಿಟಕಿಯ ಕಡೆ ಹಿಡಿದರು. ಒಂದು ಮುಖ, ಇನ್ನೊಂದು ಮುಖ. ಆರನೆಯದಕ್ಕೆ ಕಣ್ಣು ಸಣ್ಣದು ಮಾಡಿ ಬಹಳ ಹೊತ್ತು ನೋಡಿದರು. "ಕತ್ತಲ ಅದ್ರಿ" ಎಂದರು. ಅದು ಅವರ ಶಹಬ್ಬಾಸ್.

ಅಶ್ವಿನಿ ಅಕ್ಷರ ಬಡಿಯುವ ಪಂಚುಗಳ ಪೆಟ್ಟಿಗೆ ತಂದಳು. ಇಂಗ್ಲಿಷ್ ಅಕ್ಷರಗಳು. ಶೈಲಾ ಎಂದು ನನ್ನ ಹೆಸರಿನ ಅಕ್ಷರಗಳನ್ನು ಅವಳು ಆಗಲೇ ಹೆಕ್ಕಿಟ್ಟಿದ್ದಳು. ನಾನು ಅವನ್ನು ಪೆಟ್ಟಿಗೆಗೆ ಹಾಕಿ ಬೇರೆ ಹೆಕ್ಕಿದೆ. ಸುತ್ತಿಗೆ ಎತ್ತಿ ಒಂದೊಂದಾಗಿ ಬಡಿದೆ. ಈರಪ್ಪ. ಒಂದು ಅಕ್ಷರ ಸ್ವಲ್ಪ ಓರೆಯಾಯಿತು.

ಇಪ್ಪತ್ತಾರು ವರ್ಷ ದುಡಿದವನ ಹೆಸರು ಈ ಪುಣೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಈಗ ಒಂದು ಕಪಾಟಿನಲ್ಲಿ, ಹುಡುಗ ಹುಡುಗಿಯರ ಹೆಸರುಗಳ ನಡುವೆ ಇದೆ. ಕಾಕಾ ಅದನ್ನು ಓದಿದರು, ಹೆಗಲ ಮೇಲಿನ ವಸ್ತ್ರದಿಂದ ಲೇತಿನ ಹಿಡಿಕೆ ಒರೆಸಿದರು.

"ಈಗ ಬರ್ರಿ" ಎಂದರು.

ಒಂದು ಹಿತ್ತಾಳೆಯ ಸರಳು ಕಟ್ಟಿಕೊಟ್ಟರು. ನಾನು ಚಕ್ರ ತಿರುಗಿಸಿದೆ. ಕತ್ತರಿಸುವ ಹತ್ಯಾರ ಮೆಲ್ಲಗೆ ಸರಿದು ಸರಳಿಗೆ ತಾಗಿತು. ಹೊಳೆಯುವ ಹಿತ್ತಾಳೆಯ ಸಿಪ್ಪೆ ಎದ್ದು ಟ್ರೇಗೆ ಬಿತ್ತು. ಅಪ್ಪಾ, ಲೇತ್ ಇದು. ನೋಡು. ಹತ್ಯಾರ ಒಂದೇ ಒಂದು ಸಲ ಹಾದುಹೋದ ಆ ಸರಳಿನ ಮೈಮೇಲೆ ಬಳೆಯಂಥ ಗೆರೆಗಳು ಸುತ್ತಲೂ ಬಿದ್ದಿದ್ದವು. ಸಿಪ್ಪೆಯಲ್ಲಿ ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡೆ.

ಗದಗ

ಅವ್ವ ಬಾಗಿಲಲ್ಲೇ ಕೂತಿದ್ದಳು. ಚೀಲ ಇಳಿಸಿ, ಕಾಗದ ಬಿಚ್ಚಿ ಅವಳ ಅಂಗೈಗೆ ಸುರಿದೆ.

"ಇದೇನ?"

"ಲೇತಿಂದು. ನಾನ ತಗದಿದ್ದು."

ಅವ್ವ ಆ ಚೂರುಗಳನ್ನು ಬೆರಳಿಂದ ಸರಿಸಿ ಸರಿಸಿ ನೋಡಿದಳು. ಚೂರುಗಳನ್ನು ಮತ್ತೆ ಕಾಗದದಲ್ಲಿ ಕಟ್ಟಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ನನ್ನ ಕೈ ಹಿಡಿದು ತಿರುಗಿಸಿದಳು. ಅಂಗೈಯ ಗೆರೆಗಳೊಳಗೆ ಕಪ್ಪು ಕೂತಿತ್ತು. ಅವಳು ಆ ಕೈಯನ್ನು ಮೂಗಿನ ಹತ್ತಿರ ಒಯ್ದದ್ದನ್ನು ನಾನು ನೋಡಿದೆ.

"ಮೊದಲ ಕೈ ತೊಕ್ಕೊಂಡ ಬಾ," ಎಂದಳು.

ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಎರಡು ಸಲ ತಿಕ್ಕಿದೆ. ಹೋಗಲಿಲ್ಲ.